ಎಣ್ಣೆ ಬಿಟ್ಟುಕೊಳ್ಳುವ ಮಯೋನೀಸ್: ದೋಷ ಯಂತ್ರದ್ದೋ, ಎಣ್ಣೆಯದ್ದೋ?

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ನಾವು ಕೆಲವು ಮಹಿಳೆಯರು ಸಂಘ ಮಾಡಿಕೊಂಡು ಸ್ಯಾಂಡ್‌ವಿಚ್ ಮತ್ತು ರೋಲ್ ತಯಾರಿಸಿ ಕಾಲೇಜು ಕ್ಯಾಂಟೀನುಗಳಿಗೆ ಕೊಡುತ್ತೇವೆ. ಅದಕ್ಕೆ ಬೇಕಾದ ಮೊಟ್ಟೆಯಿಲ್ಲದ ಮಯೋನೀಸನ್ನು ಹಾಲು ಮತ್ತು ಗಾಣದ ಶೇಂಗಾ ಎಣ್ಣೆಯಿಂದ, ದಿನಕ್ಕೆ ಸುಮಾರು ಮೂರು ಕೆ.ಜಿ.ಯಷ್ಟು, ಮನೆಯ 750 ವ್ಯಾಟ್ ಮಿಕ್ಸರಿನಲ್ಲಿಯೇ ಮಾಡುತ್ತೇವೆ. ಚಳಿಗಾಲದಲ್ಲಿ ಹೇಗೋ ನಡೆಯುತ್ತದೆ. ಬೇಸಿಗೆಯಲ್ಲಿ ಮಾತ್ರ ಅರ್ಧಕ್ಕರ್ಧ ಸಲ ಜಾರಿನಲ್ಲೇ ಒಡೆದುಹೋಗುತ್ತದೆ. ಚೆನ್ನಾಗಿ ಕೂಡಿಕೊಂಡದ್ದು ಕೂಡ ಫ್ರಿಜ್‌ನಲ್ಲಿಟ್ಟು ಮರುದಿನ ತೆಗೆದರೆ ಎಣ್ಣೆ ಬಿಟ್ಟುಕೊಂಡಿರುತ್ತದೆ. ಒಬ್ಬ ಅಂಗಡಿಯವರು ಲಕ್ಷದ ಹತ್ತಿರದ ಬೆಲೆಯ ಹೈ ಶಿಯರ್ ಯಂತ್ರ ಕೊಳ್ಳಿ ಎನ್ನುತ್ತಾರೆ. ಇನ್ನೊಬ್ಬರು 1,000 ವ್ಯಾಟ್ ಹ್ಯಾಂಡ್ ಬ್ಲೆಂಡರ್ ಸಾಕು ಎನ್ನುತ್ತಾರೆ. ಯಾವುದನ್ನು ಕೊಳ್ಳಬೇಕು? ಅದರಲ್ಲಿಯೇ ರಂಜಕ (ಹಣ್ಣುಮೆಣಸಿನಕಾಯಿಯ ಚಟ್ನಿ), ಶೇಂಗಾ ಹಿಂಡಿ (ಚಟ್ನಿಪುಡಿ), ಶ್ರೀಖಂಡಗಳನ್ನೂ ಮಾಡಿಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳಿವೆ. ಅಂಗಡಿಯವರಿಬ್ಬರೂ ಅವೆರಡನ್ನೂ ಒಂದೇ ಎಂದು ತಿಳಿದು ಸಲಹೆ ಕೊಟ್ಟಿದ್ದಾರೆ. ಜಾರಿನಲ್ಲೇ ಒಡೆಯುವುದು ಯಂತ್ರಕ್ಕೂ ಅದನ್ನು ಬಳಸುವ ಕ್ರಮಕ್ಕೂ ಸೇರಿದ ವಿಷಯ. ಫ್ರಿಜ್‌ನಲ್ಲಿಟ್ಟ ಮೇಲೆ ಒಡೆಯುವುದು ಬಹುಮಟ್ಟಿಗೆ ನೀವು ಬಳಸುತ್ತಿರುವ ಎಣ್ಣೆಗೆ ಸೇರಿದ್ದು, ಎಷ್ಟೇ ಬೆಲೆಯ ಯಂತ್ರ ತಂದರೂ ಅದು ನಿಲ್ಲುವುದಿಲ್ಲ. ದಿನಕ್ಕೆ ಮೂರು ಕೆ.ಜಿ.ಗೆ ಹೈ ಶಿಯರ್ ಯಂತ್ರ, ಅಂದರೆ ಎಣ್ಣೆಯನ್ನು ಕಿರಿದಾದ ಸಂದಿಯಲ್ಲಿ ಹರಿದು ಸಣ್ಣ ಹನಿ ಮಾಡುವ ಕಾರ್ಖಾನೆಯ ಮಾದರಿಯದು, ಬೇಡ. ಒಳ್ಳೆಯ ಹ್ಯಾಂಡ್ ಬ್ಲೆಂಡರ್ ಸಾಕು. ಆದರೆ 1,000 ವ್ಯಾಟ್ ಎಂಬ ಕಾರಣಕ್ಕೆ ಮಾತ್ರ ಅದನ್ನು ಆರಿಸಬಾರದು. ಏಕೆಂಬುದನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿದರೆ ಮುಂದೆ ಅಳತೆ ಹೆಚ್ಚಿಸುವಾಗಲೂ ನಿಮಗೆ ಉಪಯೋಗವಾಗುತ್ತದೆ.

ಹಾಲಿನ ನೀರಿನಂಶದೊಳಗೆ ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು, ಆ ಹನಿಗಳು ಮತ್ತೆ ಒಂದನ್ನೊಂದು ಕೂಡದಂತೆ ತಡೆದು ನಿಲ್ಲಿಸಿದಾಗ ಎಮಲ್ಷನ್ ಆಗುತ್ತದೆ. ಮಯೋನೀಸ್ ಅಂಥದ್ದೇ ಒಂದು ಎಮಲ್ಷನ್. ಒಂದು ದೊಡ್ಡ ಚಮಚ, ಅಂದರೆ 15 ಮಿ.ಲೀ. ಎಣ್ಣೆಯನ್ನು 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ವ್ಯಾಸದ ಹನಿಗಳಾಗಿ ಒಡೆದರೆ ಸುಮಾರು 2,900 ಕೋಟಿ ಹನಿಗಳಾಗುತ್ತವೆ, ಮತ್ತು ಅವುಗಳ ಹೊರಮೈಯನ್ನೆಲ್ಲ ಕೂಡಿಸಿದರೆ 9 ಚದರ ಮೀಟರ್, ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯ ನೆಲದಷ್ಟು, ಬರುತ್ತದೆ. ಅಷ್ಟೂ ಮೈಯನ್ನು ಹೊದಿಸಿ ಕಾಯುವ ಕೆಲಸ ಹಾಲಿನ ಕೇಸಿನ್ ಮತ್ತು ಇತರ ಪ್ರೋಟೀನುಗಳದ್ದು. ಮೊಟ್ಟೆಯ ಮಯೋನೀಸ್‌ನಲ್ಲಿ ಅದನ್ನು ಹಳದಿ ಭಾಗದ ಲೆಸಿಥಿನ್ ಮತ್ತು ಪ್ರೋಟೀನುಗಳು ಮಾಡುತ್ತವೆ. ಹನಿಯ ವ್ಯಾಸ ಅರ್ಧಕ್ಕಿಳಿದರೆ ಹೊರಮೈ ಎರಡು ಪಟ್ಟಾಗುತ್ತದೆ, ಆಗ ಹೊದಿಕೆಗೆ ಬೇಕಾದ ಪ್ರೋಟೀನೂ ಹೆಚ್ಚುತ್ತದೆ. ಆದ್ದರಿಂದ ಹನಿಯನ್ನು ಸಣ್ಣದಾಗಿಸುವ ಬಲ ಎಷ್ಟಿದ್ದರೂ ಹೊದಿಸುವ ಪದಾರ್ಥ ಸಾಲದಿದ್ದರೆ ಆ ಬಲ ವ್ಯರ್ಥ.

ಇದರ ಜೊತೆಗೆ ಎಣ್ಣೆಯ ಪಾಲಿಗೂ ಒಂದು ಮಿತಿ ಇದೆ. ಒಂದೇ ಗಾತ್ರದ ಗುಂಡುಗಳನ್ನು ಪಾತ್ರೆಗೆ ಸುಮ್ಮನೆ ಸುರಿದರೆ ಅವು ಜಾಗದ ಶೇ. 64ರಷ್ಟನ್ನು ತುಂಬುತ್ತವೆ, ಸಾಲಾಗಿ ಜೋಡಿಸಿದರೆ ಹೆಚ್ಚೆಂದರೆ ಶೇ. 74. ಎಣ್ಣೆಯ ಪಾಲು ಇದರ ಹತ್ತಿರ ಬಂದಾಗ ಹನಿಗಳು ಒಂದಕ್ಕೊಂದು ಒತ್ತಿಕೊಂಡು ಚಲಿಸಲಾರದೆ ಹೋಗುತ್ತವೆ. ಮಯೋನೀಸ್ ಗಟ್ಟಿಯಾಗುವುದು ಹೀಗೆಯೇ. ಒಂದು ಅಳತೆ ಹಾಲಿಗೆ ಎರಡು ಅಳತೆ ಎಣ್ಣೆ ಹಾಕಿದರೆ ಎಣ್ಣೆ ಶೇ. 67ರಷ್ಟಾಗುತ್ತದೆ, ಅದು ಕ್ಷೇಮ. ಮೂರು ಅಳತೆ ಹಾಕಿದರೆ ಶೇ. 75 ಆಗುತ್ತದೆ, ಮತ್ತು ಹಾಲಿನ ಪ್ರೋಟೀನು ಮಾತ್ರವೇ ಇರುವಾಗ ಅದು ಅಪಾಯದ ಅಂಚು. ಬೇಸಿಗೆಯಲ್ಲಿ ಎಣ್ಣೆ ತೆಳುವಾಗಿರುವುದರಿಂದ ಮಿಶ್ರಣವೂ ತೆಳುವೆನಿಸುತ್ತದೆ. ಇನ್ನೂ ಗಟ್ಟಿಯಾಗಲಿಲ್ಲವೆಂದು ಕೈ ತಾನಾಗಿಯೇ ಎಣ್ಣೆಯ ಕಡೆ ಹೋಗುತ್ತದೆ, ಒಂದು ಹಂತದಲ್ಲಿ ಎಲ್ಲವೂ ಒಮ್ಮೆಲೇ ನೀರಾಗುತ್ತದೆ. ನಿಮ್ಮಲ್ಲಿ ಬೇಸಿಗೆಯಲ್ಲಷ್ಟೇ ಒಡೆಯುತ್ತದೆ ಎಂಬುದನ್ನು ಓದಿದಾಗ ನನಗೆ ಮೊದಲು ಬಂದ ಅನುಮಾನ ಇದೇ. ಎಣ್ಣೆಯನ್ನು ಕಣ್ಣಂದಾಜಿನಲ್ಲಿ ಸುರಿಯುವುದನ್ನು ಬಿಟ್ಟು ಅಳೆದು ಹಾಕಿ.

ಇನ್ನು ಮಿಕ್ಸರಿನ ವಿಷಯ. ನಮ್ಮ ಮಿಕ್ಸರುಗಳು ಮಸಾಲೆ, ಚಟ್ನಿ, ಹಿಟ್ಟು ರುಬ್ಬಲೆಂದು ರೂಪುಗೊಂಡವು. 1960ರ ದಶಕದಲ್ಲಿ ಸುಮೀತ್ ಮಿಕ್ಸರ್ ಬಂದದ್ದೇ ವಿದೇಶಿ ಬ್ಲೆಂಡರುಗಳು ನಮ್ಮ ಗಟ್ಟಿ ಪದಾರ್ಥಗಳ ಮುಂದೆ ಸೋಲುತ್ತಿದ್ದವೆಂಬ ಕಾರಣಕ್ಕೆ. ಅಗಲವಾದ ಜಾರು, ತಳದಲ್ಲಿ ಬಲವಾದ ಬ್ಲೇಡು, ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ಸುತ್ತಬಲ್ಲ ಮೋಟಾರು, ಇವೆಲ್ಲ ಕಾಳು ಒಡೆಯಲು ಬಹಳ ಒಳ್ಳೆಯವು. ಎಮಲ್ಷನ್‌ಗೆ ಮಾತ್ರ ಈ ಗುಣಗಳೇ ತೊಡಕಾಗುತ್ತವೆ. ಕಾಲು ಲೀಟರ್ ಹಾಲು ದೊಡ್ಡ ಜಾರಿನಲ್ಲಿ ಗೋಡೆಗೆ ಚಿಮ್ಮಿ ಬ್ಲೇಡಿನಿಂದ ದೂರವಾಗುತ್ತದೆ, ಸುರಿದ ಎಣ್ಣೆ ನಡುವಿನ ಸುಳಿಯಲ್ಲಿ ಒಟ್ಟಾಗಿ ನಿಲ್ಲುತ್ತದೆ. ಒಂದು ವೇಳೆ ಕೂಡಿಕೊಂಡು ಗಟ್ಟಿಯಾಗತೊಡಗಿತೆಂದರೆ ಬ್ಲೇಡಿನ ಸುತ್ತ ಪೊಳ್ಳು ಬಿದ್ದು, ಬ್ಲೇಡು ಖಾಲಿ ತಿರುಗುತ್ತದೆ. ಮೋಟಾರಿನ ಸದ್ದು ಏರುತ್ತದೆ, ಮೇಲಿನ ಎಣ್ಣೆ ಹಾಗೆಯೇ ನಿಂತಿರುತ್ತದೆ. ಆಗ ಎಲ್ಲರೂ ಮಾಡುವಂತೆ ಇನ್ನಷ್ಟು ಹೊತ್ತು ತಿರುಗಿಸಿದರೆ ಬಿಸಿ ಮಾತ್ರ ಹೆಚ್ಚುತ್ತದೆ.

ಆ ಬಿಸಿ ಎಷ್ಟೆಂದು ಲೆಕ್ಕ ಹಾಕಬಹುದು. ಮೋಟಾರಿನಿಂದ 300 ವ್ಯಾಟ್‌ನಷ್ಟು ಶಕ್ತಿ ಎರಡು ನಿಮಿಷ ಪದಾರ್ಥದೊಳಗೆ ಹೋದರೆ 36 ಕಿಲೋಜೂಲ್ ಆಯಿತು. ಒಂದು ಕೆ.ಜಿ. ಮಯೋನೀಸ್‌ನ ಉಷ್ಣತೆಯನ್ನು ಅದು ಹದಿಮೂರು ಹದಿನಾಲ್ಕು ಡಿಗ್ರಿ ಏರಿಸಬಲ್ಲದು. ಬಾಗಲಕೋಟೆಯ ಮೇ ತಿಂಗಳಿನಲ್ಲಿ ಅಡುಗೆಮನೆಯೇ 38 ಡಿಗ್ರಿ ಇದ್ದರೆ ಜಾರಿನೊಳಗೆ 50 ದಾಟುತ್ತದೆ. ಅಷ್ಟು ಬಿಸಿಯಲ್ಲಿ ಎಣ್ಣೆ, ನೀರು ಎರಡೂ ತೆಳುವಾಗಿ ಹನಿಗಳು ವೇಗವಾಗಿ ಡಿಕ್ಕಿ ಹೊಡೆಯುತ್ತವೆ, ಹೊದಿಕೆ ಪೂರ್ತಿಯಾಗುವ ಮೊದಲೇ ಒಂದಾಗುತ್ತವೆ. ಆದ್ದರಿಂದ ಹಾಲನ್ನು ಫ್ರಿಜ್‌ನಿಂದ ನೇರವಾಗಿ ತೆಗೆದು ಬಳಸಿ, ಎಣ್ಣೆಯನ್ನೂ ಒಲೆಯಿಂದ ದೂರ ತಂಪಿನಲ್ಲಿಡಿ, ಬೇಸಿಗೆಯಲ್ಲಿ ಪಾತ್ರೆಯನ್ನು ಐಸ್ ಹಾಕಿದ ನೀರಿನ ಬೋಗುಣಿಯೊಳಗೆ ಇಟ್ಟು ಮಾಡಿ.

ಹೈ ಶಿಯರ್ ಯಂತ್ರದಲ್ಲಿ ವಿಶೇಷವೇನೆಂದರೆ ಅದರ ವೇಗ ನಿಮ್ಮ ಮಿಕ್ಸರಿಗಿಂತ ಬಹಳ ಕಡಿಮೆ. ಕಾರ್ಖಾನೆಗಳಲ್ಲಿ ಬಳಸುವ ಇಂಡಕ್ಷನ್ ಮೋಟಾರು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನೇರವಾಗಿ ನಡೆದರೆ ನಿಮಿಷಕ್ಕೆ 3,000 ಸುತ್ತನ್ನು ಮೀರಲಾರದು. ಸಾಮಾನ್ಯವಾಗಿ 2,880ರ ಆಸುಪಾಸಿನಲ್ಲಿರುತ್ತದೆ. ಆದರೆ ಅದರ ತಿರುಗುವ ಭಾಗವಾದ ರೋಟರು, ರಂಧ್ರಗಳಿರುವ ಸ್ಥಿರ ಉಂಗುರವಾದ ಸ್ಟೇಟರಿನೊಳಗೆ ಕೂದಲೆಳೆಯಷ್ಟೇ ಅಂತರ ಬಿಟ್ಟು ಸುತ್ತುತ್ತದೆ. 10 ಸೆಂ.ಮೀ. ವ್ಯಾಸದ ರೋಟರಿನ ತುದಿ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಅರ್ಧ ಮಿಲಿಮೀಟರ್ ಆಚೆ ಗೋಡೆ ಅಲುಗದೆ ನಿಂತಿರುತ್ತದೆ, ನಡುವೆ ಸಿಕ್ಕ ಎಣ್ಣೆಯ ಹನಿ ಎಳೆದಂತಾಗಿ ಹರಿದು ಚೂರಾಗುತ್ತದೆ. ಹನಿಯನ್ನು ಹರಿಯುವುದು ಈ ವೇಗದ ವ್ಯತ್ಯಾಸ ಮತ್ತು ಅಂತರಗಳೇ ಹೊರತು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಮಾಡಿದ ಸುತ್ತುಗಳ ಸಂಖ್ಯೆಯಲ್ಲ. ವ್ಯಾಟ್ ಸಂಖ್ಯೆಯಂತೂ ಮೋಟಾರು ಗೋಡೆಯ ಪ್ಲಗ್ಗಿನಿಂದ ಎಳೆದುಕೊಳ್ಳುವ ಶಕ್ತಿಯನ್ನು ಹೇಳುತ್ತದೆ. ಅದರಲ್ಲಿ ಎಷ್ಟು ಭಾಗ ಬ್ಲೇಡಿಗೆ ತಲುಪುತ್ತದೆ ಎಂಬುದು ಬೇರೆ ಲೆಕ್ಕ.

ಒಂದು ಸಲಕ್ಕೆ ಮಾಡುವ ಮಾಲು 15–20 ಕೆ.ಜಿ. ದಾಟಿ, ವಾರಗಟ್ಟಲೆ ಅಂಗಡಿಯಲ್ಲಿಟ್ಟು ಮಾರುವ ಉದ್ದೇಶವಿದ್ದಾಗ ಅಂಥ ಯಂತ್ರಕ್ಕೆ ಅರ್ಥವಿದೆ. ಅದರ ಪಾತ್ರೆಯಲ್ಲಿ ರೋಟರು ಪೂರ್ತಿ ಮುಳುಗುವಷ್ಟು ಮಾಲು ಇಲ್ಲದಿದ್ದರೆ ಅದು ಗಾಳಿ ಎಳೆಯುತ್ತದೆ, ಆದ್ದರಿಂದ ನಿಮ್ಮ ಮೂರು ಕೆ.ಜಿ. ಅದಕ್ಕೆ ಸಾಲದೆಯೂ ಹೋಗಬಹುದು. ದೊಡ್ಡ ಮಾದರಿಗಳಿಗೆ ತ್ರೀ ಫೇಸ್ ಸಂಪರ್ಕವೂ ಬೇಕು. ಬೇಕರಿಗಳಲ್ಲಿರುವ ಪ್ಲಾನೆಟರಿ ಮಿಕ್ಸರಿನಲ್ಲಿ ಮಯೋನೀಸ್ ಮಾಡಬಹುದಾದರೂ ಹಾಲಿನದ್ದಕ್ಕೆ ನಾನು ಅದನ್ನು ಹೇಳುವುದಿಲ್ಲ. ಅದರ ಹನಿಗಳು ದಪ್ಪ.

ಹ್ಯಾಂಡ್ ಬ್ಲೆಂಡರಿಗೆ 1950ರಲ್ಲಿ ಸ್ವಿಟ್ಜರ್ಲೆಂಡಿನ ರೋಜರ್ ಪೆರಿನ್‌ಜಾಕೆ ಪೇಟೆಂಟ್ ಪಡೆದರು. ಅದರ ಮುಖ್ಯ ಉಪಾಯವೆಂದರೆ ಬ್ಲೇಡನ್ನು ಗಂಟೆಯಾಕಾರದ ಒಂದು ಮುಚ್ಚಳದೊಳಗೆ ಅಡಗಿಸಿ, ಯಂತ್ರವನ್ನೇ ಪಾತ್ರೆಯೊಳಗೆ ಇಳಿಸುವುದು. ಇದರಲ್ಲಿ ಸ್ಟೇಟರಿನಷ್ಟು ಕಿರಿದಾದ ಅಂತರವಿಲ್ಲ ನಿಜ. ಆದರೆ ಪದಾರ್ಥ ಆ ಮುಚ್ಚಳದ ಕೆಳಗೆ ಸೆರೆಸಿಕ್ಕಿ, ಬದಿಯ ಸೀಳುಗಳಿಂದಲೇ ಹೊರಬೀಳಬೇಕಾಗುತ್ತದೆ. ಹಾಗೆಯೇ ಎಣ್ಣೆ ಎಷ್ಟು ಪ್ರಮಾಣದಲ್ಲಿ ಬ್ಲೇಡಿಗೆ ಸಿಗಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ. ಹಾಲಿನ ಮಯೋನೀಸ್‌ಗೆ ನಿಮಗೆ ಬೇಕಾದದ್ದು ಇಷ್ಟೇ.

ಮಾಡುವ ಕ್ರಮವನ್ನು ಹೇಳುತ್ತೇನೆ. ಬ್ಲೆಂಡರಿನ ತಲೆಗಿಂತ ಒಂದು ಒಂದೂವರೆ ಸೆಂ.ಮೀ. ಮಾತ್ರ ಅಗಲವಿರುವ, ನೇರ ಗೋಡೆಯ ಉದ್ದನೆಯ ಸ್ಟೀಲ್ ಪಾತ್ರೆ ಆರಿಸಿ. ಅಗಲವಾದ ಬೋಗುಣಿಯಲ್ಲಿ ಎಂಥ ಬ್ಲೆಂಡರೂ ಸೋಲುತ್ತದೆ. ಕಾಯಿಸಿ ಆರಿಸಿ ಕೆನೆ ತೆಗೆದು ತಣ್ಣಗಿಟ್ಟ ಹಾಲು 200 ಮಿ.ಲೀ., ಉಪ್ಪು, ಒಂದು ಚಮಚ ಸಾಸಿವೆ ಪುಡಿ, ಬೇಕಿದ್ದರೆ ಬೆಳ್ಳುಳ್ಳಿ ಹಾಕಿ, ಅದರ ಮೇಲೆ 400 ಮಿ.ಲೀ. ಎಣ್ಣೆಯನ್ನು ನಿಧಾನವಾಗಿ ಸುರಿಯಿರಿ. ಬ್ಲೆಂಡರನ್ನು ನೇರವಾಗಿ ಇಳಿಸಿ ತಳಕ್ಕೆ ಒತ್ತಿ ಹಿಡಿದು, ತಲೆಯನ್ನು ತುಸು ವಾಲಿಸಿ ಒಳಗಿನ ಗಾಳಿ ಹೋಗಲು ಬಿಟ್ಟು, ಆಮೇಲೆ ಗುಂಡಿ ಒತ್ತಿ. ಮೊದಲ ಹತ್ತು ಹನ್ನೆರಡು ಸೆಕೆಂಡು ಅಲುಗಿಸಲೇಬಾರದು. ಸೀಳುಗಳಿಂದ ಬಿಳಿಯ ಮೋಡದಂತೆ ಮಿಶ್ರಣ ಹೊರಬಂದು ಮೇಲಿನ ಹಳದಿ ಎಣ್ಣೆಯೊಳಗೆ ಏರುತ್ತದೆ, ಮೋಟಾರಿನ ಸದ್ದು ತಗ್ಗಿ ದಪ್ಪವಾಗುತ್ತದೆ. ಆ ಸದ್ದು ಕೇಳಿದ ಮೇಲೆ ಮಾತ್ರ ಬ್ಲೆಂಡರನ್ನು ಸ್ವಲ್ಪ ಸ್ವಲ್ಪವಾಗಿ ಮೇಲೆತ್ತುತ್ತಾ ಉಳಿದ ಎಣ್ಣೆಯನ್ನು ಒಳಗೆ ಸೆಳೆದುಕೊಳ್ಳಲು ಬಿಡಿ. ಒಟ್ಟು ಮುಕ್ಕಾಲು ನಿಮಿಷದಲ್ಲಿ ಮುಗಿಯಬೇಕು.

ವಿನಿಗರ್ ಅಥವಾ ಲಿಂಬೆರಸವನ್ನು ಕೊನೆಯಲ್ಲಿ ಸೇರಿಸಿ. ಮೊದಲೇ ಹಾಕಿದರೆ ಹಾಲು ಒಡೆಯುತ್ತದೆ, ಏಕೆಂದರೆ ಹುಳಿಯ ಅಳತೆಯಾದ ಪಿಎಚ್ (ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) 4.6ರ ಸುಮಾರಿಗೆ ಕೇಸಿನ್ ಗರಣೆ ಕಟ್ಟುತ್ತದೆ. ಕೊನೆಯಲ್ಲಿ ಹಾಕಿದಾಗ ಹನಿಗಳ ಮೇಲೆ ಆಗಲೇ ಕುಳಿತ ಕೇಸಿನ್ ಒಂದಕ್ಕೊಂದು ಅಂಟಿಕೊಂಡು ಮಯೋನೀಸ್ ಇನ್ನಷ್ಟು ಗಟ್ಟಿಯಾಗುತ್ತದೆ. ಆಗಲೂ ತೆಳುವೆನಿಸಿದರೆ ಎಣ್ಣೆ ಸುರಿಯುವ ಬದಲು ತೂಕದ ಶೇ. 0.2ರಷ್ಟು, ಮೂರು ಕೆ.ಜಿ.ಗೆ 6 ಗ್ರಾಂನಂತೆ, ಕ್ಸಾಂಥನ್ ಗಮ್ ಎಂಬ ಗಟ್ಟಿ ಮಾಡುವ ಪುಡಿ ಬಳಸಿ. ಅದನ್ನು ಮೊದಲು ಎಣ್ಣೆಯಲ್ಲಿ ಕದಡಿಕೊಂಡರೆ ಗಂಟಾಗುವುದಿಲ್ಲ. ಒಂದು ವೇಳೆ ಒಡೆದರೆ ಚೆಲ್ಲಬೇಕಾಗಿಲ್ಲ: ಬೇರೆ ಪಾತ್ರೆಯಲ್ಲಿ ಎರಡು ಚಮಚ ತಣ್ಣನೆಯ ಹಾಲಿಟ್ಟು ಬ್ಲೆಂಡರ್ ನಡೆಸುತ್ತಾ ಒಡೆದದ್ದನ್ನು ಎಳೆಯಾಗಿ ಬಿಡಿ. ಕೂಡಿಕೊಂಡಿತೇ ಇಲ್ಲವೇ ಎಂದು ತಿಳಿಯಲು ಒಂದು ತೊಟ್ಟನ್ನು ನೀರಿನ ಗ್ಲಾಸಿಗೆ ಹಾಕಿ ಕದಡಿ ನೋಡಿ. ಒಳ್ಳೆಯದಾದರೆ ಹಾಲಿನಂತೆ ಹರಡುತ್ತದೆ, ಒಡೆದದ್ದಾದರೆ ಹಳದಿ ಗುಳ್ಳೆಗಳಾಗಿ ತೇಲುತ್ತದೆ.

ಈಗ ಫ್ರಿಜ್‌ನ ಪ್ರಶ್ನೆ, ನನ್ನ ದೃಷ್ಟಿಯಲ್ಲಿ ನಿಮ್ಮ ಪತ್ರದ ಮುಖ್ಯ ಭಾಗ. ಶೇಂಗಾ ಎಣ್ಣೆ ಮೂರು ನಾಲ್ಕು ಡಿಗ್ರಿಯ ತಂಪಿನಲ್ಲಿ ಮಬ್ಬಾಗಿ ಗಟ್ಟಿಯಾಗತೊಡಗುತ್ತದೆ. ಹನಿಯೊಳಗೆ ಎಣ್ಣೆ ಹರಳುಗಟ್ಟಿದಾಗ ಆ ಹರಳಿನ ಮೊನೆಗಳು ಹೊದಿಕೆಯನ್ನು ಚುಚ್ಚಿ ಪಕ್ಕದ ಹನಿಯೊಳಗೆ ಹೋಗುತ್ತವೆ. ಹೊರಗೆ ತೆಗೆದಿಟ್ಟಾಗ ಹರಳು ಕರಗಿ ಎರಡು ಹನಿಗಳು ಒಂದಾಗುತ್ತವೆ, ಹೀಗೆ ಕೂಡುತ್ತಾ ಕೂಡುತ್ತಾ ಎಣ್ಣೆ ಮೇಲೆ ಬಂದು ನಿಲ್ಲುತ್ತದೆ. ಕಡಗೋಲಿನಿಂದ ಬೆಣ್ಣೆ ಬರುವುದೂ ಇದೇ ತತ್ತ್ವದಿಂದ: ತಂಪಾದ ಕೆನೆಯಲ್ಲಿ ಅರ್ಧ ಹರಳಾಗಿರುವ ಕೊಬ್ಬಿನ ಹನಿಗಳನ್ನು ಕಡೆಯುವಿಕೆ ಒಂದಕ್ಕೊಂದು ತಾಕಿಸಿ ಕೂಡಿಸುತ್ತದೆ. ಬೆಣ್ಣೆಗೆ ಬೇಕಾದದ್ದು ಮಯೋನೀಸ್‌ಗೆ ಬೇಡವಾದದ್ದು. ಕೈಗಾರಿಕೆಯವರು ತಂಪಿಗೆ ಹರಳಾಗುವ ಅಂಶವನ್ನು ಮೊದಲೇ ತೆಗೆದ ಎಣ್ಣೆಯನ್ನೋ, ಸ್ವಭಾವತಃ ಹರಳಾಗದ ಎಣ್ಣೆಯನ್ನೋ ಬಳಸುವುದು ಇದಕ್ಕಾಗಿಯೇ.

ಸ್ವಭಾವತಃ ಹರಳಾಗದ ಅಂಥ ಎಣ್ಣೆ ಕೊಡುವ ಕುಸುಬಿ ನಿಮ್ಮ ಪಕ್ಕದ ವಿಜಯಪುರ ಜಿಲ್ಲೆಯಲ್ಲಿಯೇ ಬೆಳೆಯುತ್ತದೆ. ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಭಾಗದಷ್ಟು ಲಿನೋಲಿಕ್ ಆಮ್ಲವೆಂಬ, ತಂಪಿಗೆ ಸುಲಭವಾಗಿ ಗಟ್ಟಿಯಾಗದ ಕೊಬ್ಬಿನಾಮ್ಲವಿರುವುದರಿಂದ ಅದು ಫ್ರಿಜ್‌ನ ತಂಪಿನಲ್ಲಿ ತಿಳಿಯಾಗಿಯೇ ಉಳಿಯುತ್ತದೆ. ಮಯೋನೀಸ್‌ಗೆ ರಿಫೈನ್ಡ್ ಕುಸುಬಿ ಎಣ್ಣೆ ಉತ್ತಮ. ಗಾಣದ್ದಕ್ಕೆ ತನ್ನದೇ ರುಚಿ ಇರುತ್ತದೆ, ಅದನ್ನು ಇಷ್ಟಪಡುವ ಗಿರಾಕಿಗಳಿದ್ದರೆ ಅಭ್ಯಂತರವಿಲ್ಲ. ಆದರೆ ಅದೇ ಲಿನೋಲಿಕ್ ಆಮ್ಲದಿಂದಾಗಿ ಇದು ಬೇಗ ಕಮಟು ಹಿಡಿಯುತ್ತದೆ, ಆದ್ದರಿಂದ ದೊಡ್ಡ ಡಬ್ಬ ತಂದು ತಿಂಗಳುಗಟ್ಟಲೆ ತೆರೆದಿಡಬೇಡಿ. ಯಂತ್ರ ಕೊಳ್ಳುವ ಮೊದಲು ಈ ಎಣ್ಣೆಯಿಂದ ಒಂದು ಸಲ ಮಾಡಿ ಫ್ರಿಜ್‌ನಲ್ಲಿಟ್ಟು ನೋಡಿ. ಮಿಕ್ಸರಿನ ಚಟ್ನಿ ಜಾರಿನಲ್ಲಿ ಸ್ವಲ್ಪವೇ ಮಾಡಿದರೂ ವ್ಯತ್ಯಾಸ ತಿಳಿಯುತ್ತದೆ. ಡಬ್ಬಿಯನ್ನು ಫ್ರೀಜರಿನ ಗೋಡೆಗೆ ತಾಗಿಸಿ ಇಡಬಾರದು, ಏಕೆಂದರೆ ನೀರಿನಂಶ ಹೆಪ್ಪುಗಟ್ಟಿದರೆ ಯಾವ ಎಣ್ಣೆಯ ಎಮಲ್ಷನ್ನೂ ಉಳಿಯುವುದಿಲ್ಲ.

ಹುಳಿಗೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಿಂಬೆ ನಿಮಗೆ ಸುಲಭವಾಗಿ ಸಿಗುತ್ತದೆ, ಪರಿಮಳವೂ ಚೆನ್ನಾಗಿರುತ್ತದೆ. ಆದರೆ ಲಿಂಬೆಯ ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುತ್ತದೆ. ವಿನಿಗರಿನ ಆಮ್ಲ ಸಾಮಾನ್ಯವಾಗಿ ಶೇ. 4ರಷ್ಟು ನಿಶ್ಚಿತವಾಗಿರುತ್ತದೆ, ಮತ್ತು ಅದರ ಅಸಿಟಿಕ್ ಆಮ್ಲ ರೋಗಾಣುಗಳನ್ನು ಸಿಟ್ರಿಕ್ ಆಮ್ಲಕ್ಕಿಂತ ಚೆನ್ನಾಗಿ ತಡೆಯುತ್ತದೆ. ಮಾರುವ ಮಾಲಿಗೆ ವಿನಿಗರ್ ಮುಖ್ಯವಾಗಿರಲಿ, ಲಿಂಬೆ ರುಚಿಗಿರಲಿ. ಪಿಎಚ್ ಪಟ್ಟಿಗಳನ್ನು ತಂದು 4.1 ಅಥವಾ ಅದಕ್ಕಿಂತ ಕೆಳಗಿದೆಯೇ ಎಂದು ನೋಡಿಕೊಳ್ಳಿ. ಹಸಿ ಮೊಟ್ಟೆಯ ಮಯೋನೀಸನ್ನು ತೆಲಂಗಾಣ 2024ರ ಅಕ್ಟೋಬರ್ ಕೊನೆಯಲ್ಲಿಯೂ ತಮಿಳುನಾಡು 2025ರ ಏಪ್ರಿಲ್‌ನಲ್ಲಿಯೂ ಒಂದು ವರ್ಷದ ಮಟ್ಟಿಗೆ ನಿಷೇಧಿಸಿದ್ದವು, ಆದರೆ ಮೊಟ್ಟೆ ಇಲ್ಲವೆಂದ ಮಾತ್ರಕ್ಕೆ ನಿಮ್ಮದು ಕೆಡುವುದಿಲ್ಲವೆಂದಲ್ಲ. ಮೂರು ದಿನದೊಳಗೆ ಬಳಸಿ, 32 ಡಿಗ್ರಿ ಮೀರಿದ ಬಿಸಿಲಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ನೆನೆಸಿ ಹೊರಗೆ ಇಟ್ಟುಕೊಳ್ಳುವ ರೂಢಿ ಇದ್ದರೆ ಕೂಡಲೇ ಬಿಡಿ. ಗಾಳಿಯಾಡದ ಎಣ್ಣೆಯ ಕೆಳಗೆ ಬೊಟ್ಯುಲಿನಮ್ ಬ್ಯಾಕ್ಟೀರಿಯಾ ಬೆಳೆದು ಮಾರಕ ವಿಷ ತಯಾರಿಸಬಲ್ಲದು.

ಕೊಳ್ಳುವಾಗ ನೋಡಬೇಕಾದದ್ದು ಯಂತ್ರದ ಹಿಂಭಾಗದ ಚೀಟಿ. ಅಲ್ಲಿ ‘ಕೆಬಿ 1 ಮಿನಿಟ್’ ಎಂಬಂಥ ಗುರುತಿರುತ್ತದೆ. ಒಂದು ಸಲಕ್ಕೆ ಎಷ್ಟು ಹೊತ್ತು ಬಿಡದೆ ನಡೆಸಬಹುದು ಎಂಬುದು ಅದರ ಅರ್ಥ, ಆಮೇಲೆ ಮೋಟಾರು ಆರಬೇಕು. 600 ಮಿ.ಲೀ.ಯಂತೆ ಮಾಡಿದರೆ ಮೂರು ಕೆ.ಜಿ.ಗೆ ಐದಾರು ಸಲ ಮಾಡಬೇಕಾಗುತ್ತದೆ, ನಡುನಡುವೆ ಅಳೆಯುವ, ತುಂಬುವ ಕೆಲಸವಿರುವುದರಿಂದ ಆರಲು ಸಮಯ ಸಿಗುತ್ತದೆ. ಪಾತ್ರೆಯೊಳಗೆ ಇಳಿಯುವ ಕಾಲು ಮತ್ತು ಅದರ ತುದಿಯ ತಲೆ ಸ್ಟೀಲಿನವಿರಲಿ, ಕಾಲು ಬಿಚ್ಚಿ ತೊಳೆಯುವಂತಿರಲಿ, ಕಪ್ಲರ್ ಮತ್ತು ಕಾರ್ಬನ್ ಬ್ರಷ್ ಎಂಬ ಸವೆಯುವ ಬಿಡಿಭಾಗಗಳು ಬಾಗಲಕೋಟೆಯಲ್ಲಿ ಇಲ್ಲವೇ ಹುಬ್ಬಳ್ಳಿಯಲ್ಲಿ ದೊರೆಯುವಂತಿರಲಿ. ಇಷ್ಟಿದ್ದರೆ 400 ವ್ಯಾಟ್‌ನದ್ದೂ ನಿಮಗೆ ಸಾಕು. ದಿನಕ್ಕೆ ಎಂಟು ಹತ್ತು ಕೆ.ಜಿ. ಆಗುವ ಸಂಭವವಿದ್ದರೆ ಹೋಟೆಲುಗಳಲ್ಲಿ ಬಳಸುವ ಉದ್ದ ಕಾಲಿನ, ಹೆಚ್ಚು ಹೊತ್ತು ನಡೆಸಬಹುದಾದ ಹ್ಯಾಂಡ್ ಬ್ಲೆಂಡರನ್ನೇ ಈಗಲೇ ಕೊಳ್ಳುವುದು ಲೇಸು.

ಉಳಿದ ತಿನಿಸುಗಳ ಬಗ್ಗೆ: ಶೇಂಗಾ ಹಿಂಡಿ ಒಣ ಪದಾರ್ಥ, ಹ್ಯಾಂಡ್ ಬ್ಲೆಂಡರಿಗೆ ಅದು ಸಲ್ಲುವುದಿಲ್ಲ; ಮಿಕ್ಸರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲವಾದರೆ ಒಳಕಲ್ಲಿನಲ್ಲಿ ಕುಟ್ಟಿ. ರಂಜಕದ ಹಣ್ಣುಮೆಣಸಿನಕಾಯಿಯ ಸಿಪ್ಪೆ ಬ್ಲೆಂಡರಿನ ಶಾಫ್ಟಿಗೆ ಸುತ್ತಿಕೊಳ್ಳುವುದರಿಂದ ಅದನ್ನೂ ಮಿಕ್ಸರಿನಲ್ಲಿಯೇ ಅರೆಯಿರಿ. ಶ್ರೀಖಂಡಕ್ಕೆ ಮಾತ್ರ ಯಾವ ವೇಗದ ಯಂತ್ರವನ್ನೂ ಮುಟ್ಟಿಸಬೇಡಿ, ಏಕೆಂದರೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಚಕ್ಕಾದ ಗಟ್ಟಿತನ ಕೇಸಿನ್‌ನ ಬಲೆಯಿಂದ ಬಂದದ್ದು, ಬ್ಲೇಡು ತಾಗಿದರೆ ಆ ಬಲೆ ಹರಿದು ಚಕ್ಕಾ ತೆಳುವಾಗುತ್ತದೆ ಮತ್ತು ಮತ್ತೆ ಗಟ್ಟಿಯಾಗುವುದಿಲ್ಲ. ಜರಡಿಯ ಮೇಲೆ ಕೈಯಿಂದ ತಿಕ್ಕಿ ಇಳಿಸುವ ಹಳೆಯ ಕ್ರಮವೇ ಸರಿ. ಬೆಳ್ಳುಳ್ಳಿಯ ನಾರು ಹ್ಯಾಂಡ್ ಬ್ಲೆಂಡರಿನ ಬ್ಲೇಡಿಗೂ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯುವ ಮೊದಲು ಪ್ಲಗ್ ಕಿತ್ತಿರಬೇಕೆಂಬ ನಿಯಮವನ್ನು ಸಂಘದ ಎಲ್ಲರಿಗೂ ಹೇಳಿಡಿ, ಏಕೆಂದರೆ ಗುಂಡಿ ಇರುವುದು ಹಿಡಿಕೆಯಲ್ಲೇ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ನಾರು ಬಿಡಿಸುವಾಗ ಅದು ತಿಳಿಯದೆ ಒತ್ತಿಹೋಗುತ್ತದೆ.